ಪೊದೆಯಲ್ಲಿ ಮೊಟ್ಟೆ ಇಟ್ಟ ಆರೋಪದ ಕುರಿತು

ವಿಡಿಯೋ ಗೇಮ್ ಪಂದ್ಯಾವಳಿಗಳ ಮೇಲ್ವಿಚಾರಣಾ ಇಲಾಖೆ

ಸಂಖ್ಯೆ: ವಿಗೇಪಂ/ಮಾತು/ಮುನಿಸು/17/ಭಾಗ-2

ಸುತ್ತೋಲೆ

ವಿಷಯ: ಆಟಗಾರರೊಬ್ಬರು ಮತ್ತು ವೀಕ್ಷಕ ವಿವರಣೆಗಾರರೊಬ್ಬರು ಪರಸ್ಪರ ಮುಖ ನೋಡದಿರುವ ಬಗ್ಗೆ.

ಉಲ್ಲೇಖ: 1) ಆಟಗಾರರ ದೂರು. 2) ವಿವರಣೆಗಾರರ ಪ್ರತಿದೂರು. 3) ಆಟಗಾರರ ತಾಯಿಯವರು ಪಕ್ಕದ ಮನೆಯವರಿಂದ ಬರೆಸಿದ ಪತ್ರ.

ಕ್ವಾರ್ಟರ್ ಫೈನಲ್‌ನಲ್ಲಿ ಸದರಿ ಆಟಗಾರರು ಪರದೆಯ ಮೇಲಿನ ಪೊದೆಯೊಂದರಲ್ಲಿ ಆರು ನಿಮಿಷ ಅವಿತು ಕುಳಿತಿದ್ದಾಗ, ವಿವರಣೆಗಾರರು ಮೈಕಿನಲ್ಲಿ "ಇನ್ನೂ ಪೊದೆಯಲ್ಲೇ ಇದ್ದಾರೆ ನೋಡಿ! ಮೊಟ್ಟೆ ಗಿಟ್ಟೆ ಇಡ್ತಿದ್ದಾರೋ ಏನೋ!" ಎಂದಿರುವುದು ದಾಖಲಾಗಿದೆ. ಹೆಡ್‌ಫೋನ್ ಧರಿಸಿದ್ದ ಆಟಗಾರರಿಗೆ ಅದು ಆಗ ಕೇಳಿಸಿಲ್ಲ. ಪಂದ್ಯದ ನಂತರ ಕ್ಯಾಂಟೀನಿನಲ್ಲಿ ಕಂಡವರೆಲ್ಲ ಕೋಳಿಯಂತೆ ಕೂಗಿದ್ದರಿಂದ ವಿಷಯ ತಿಳಿದುಬಂದಿದೆ.

ಆಟಗಾರರು ಪರದೆಯ ಮೇಲೆ ಇಟ್ಟುಕೊಂಡ ಹೆಸರನ್ನು ವಿವರಣೆಗಾರರು ಪೂರ್ತಿಯಾಗಿ ಓದತಕ್ಕದ್ದೆಂಬ ನಿಯಮವಿದೆ. ಇದನ್ನರಿತ ಆಟಗಾರರು ಮರುದಿನ, ಕ್ವಾರ್ಟರ್ ಫೈನಲ್‌ನ ಎರಡನೆಯ ಆಟಕ್ಕೆ, ತಮ್ಮ ಹೆಸರನ್ನು 'ವಿವರಣೆಗಾರನಿಗೆ ಏನೂ ಗೊತ್ತಿಲ್ಲ' ಎಂದು ಬದಲಿಸಿಕೊಂಡರು. ಪರಿಣಾಮವಾಗಿ ವಿವರಣೆಗಾರರು ತುಂಬಿದ ಸಭಾಂಗಣದ ಮುಂದೆ "ವಿವರಣೆಗಾರನಿಗೆ ಏನೂ ಗೊತ್ತಿಲ್ಲ ಬಲಗಡೆಯಿಂದ ನುಗ್ತಾ ಇದ್ದಾರೆ! ಅಬ್ಬಬ್ಬಾ, ವಿವರಣೆಗಾರನಿಗೆ ಏನೂ ಗೊತ್ತಿಲ್ಲ!" ಎಂಬಿತ್ಯಾದಿಯಾಗಿ ನಲವತ್ತೆರಡು ಬಾರಿ ಕೂಗಬೇಕಾಯಿತು.

ಅವರು ಮೈಕು ಹಿಡಿದರೆ ತಾನು ಆಡಲು ಕೂರುವುದಿಲ್ಲವೆಂದು ಆಟಗಾರರೂ, ಆ ಹೆಸರಿದ್ದರೆ ತಾನು ಮೈಕು ಹಿಡಿಯುವುದಿಲ್ಲವೆಂದು ವಿವರಣೆಗಾರರೂ ಲಿಖಿತವಾಗಿ ತಿಳಿಸಿರುತ್ತಾರೆ. ಭಾನುವಾರ ಸಂಜೆ ನಾಲ್ಕಕ್ಕೆ ಫೈನಲ್ ಇದೆ. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಅದು ನಡೆಯುವಂತಿಲ್ಲ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಯಾವುದೇ ಆಟಗಾರರನ್ನು ಮೊಟ್ಟೆ ಇಡುವ ಪ್ರಾಣಿಗೆ ಹೋಲಿಸತಕ್ಕದ್ದಲ್ಲ. ಮರಿ ಹಾಕುವ ಪ್ರಾಣಿಗಳಿಗೆ ಹೋಲಿಸಲು ಮೂರು ದಿನ ಮುಂಚಿತವಾಗಿ ಅನುಮತಿ ಪಡೆಯುವುದು. ಸಿಂಹ ಮತ್ತು ಕುದುರೆಗೆ ವಿನಾಯಿತಿ ಇದೆ. ಕತ್ತೆಯ ವಿಷಯ ಪರಿಶೀಲನೆಯಲ್ಲಿದೆ.

2. ಪೊದೆಯಲ್ಲಿ ಕುಳಿತ ಆಟಗಾರರು ಮೊದಲ ಮೂರು ನಿಮಿಷ ಯೋಚಿಸುತ್ತಿದ್ದಾರೆಂದೂ, ನಂತರದ ಮೂರು ನಿಮಿಷ ಗಾಢವಾಗಿ ಯೋಚಿಸುತ್ತಿದ್ದಾರೆಂದೂ ಭಾವಿಸತಕ್ಕದ್ದು. ಏಳನೆಯ ನಿಮಿಷದಲ್ಲಿ ವಿವರಣೆಗಾರರು ಒಮ್ಮೆ ಮಾತ್ರ ಗಂಟಲು ಸರಿಪಡಿಸಿಕೊಳ್ಳಬಹುದು. ಆ ಸದ್ದಿನಲ್ಲಿ ವ್ಯಂಗ್ಯವಿರಕೂಡದು.

3. ಪರದೆಯ ಹೆಸರು ನಾಲ್ಕು ಅಕ್ಷರ ಮೀರಬಾರದು. ಅದರಲ್ಲಿ ಯಾರ ಬಗ್ಗೆಯೂ ಅಭಿಪ್ರಾಯವಿರಬಾರದು.

4. ಆಟಗಾರರು ವಿವರಣೆಗಾರರನ್ನು ದುರುಗುಟ್ಟಿ ನೋಡುವ ಅವಧಿಯನ್ನು ಪಂದ್ಯವೊಂದಕ್ಕೆ ಎರಡು ಸೆಕೆಂಡಿಗೆ ಮಿತಿಗೊಳಿಸಲಾಗಿದೆ. ಬಳಸದೆ ಉಳಿದ ಸೆಕೆಂಡುಗಳನ್ನು ಮುಂದಿನ ಪಂದ್ಯಕ್ಕೆ ಒಯ್ಯುವಂತಿಲ್ಲ.

5. ಸಭಾಂಗಣದೊಳಗೆ ಕೋಳಿಯಂತೆ ಕೂಗುವುದನ್ನು ನಿಷೇಧಿಸಲಾಗಿದೆ. ಕೂಗಿದವರಲ್ಲಿ ಬಾಗಿಲು ಕಾಯುವ ನಮ್ಮ ಸಿಬ್ಬಂದಿಯೂ ಒಬ್ಬರಾಗಿದ್ದು, ಕಾರಣ ಕೇಳಲಾಗಿ, "ಎಲ್ರೂ ಕೂಗ್ತಿದ್ರು ಸಾರ್. ನಾನೊಬ್ನೇ ಗರ ಬಡಿದೋನ ಹಾಗೆ ನಿಂತಿದ್ರೆ ಚೆನ್ನಾಗಿರುತ್ತಾ?" ಎಂದಿರುತ್ತಾರೆ. ಉತ್ತರ ಸಮಂಜಸವಾಗಿ ಕಂಡರೂ ಅಂಗೀಕರಿಸಲಾಗಿಲ್ಲ.

6. ತನಿಖೆಯ ವೇಳೆ ಕೆಲವು ಅಡಚಣೆಗಳು ಎದುರಾಗಿವೆ. ವಿವರಣೆಗಾರರ ಗಂಟಲು ಕಟ್ಟಿದ ದಿನದಿಂದ ಅವರ ಮೇಜಿನ ಮೇಲೆ ಪ್ರತಿದಿನ ಬಿಸಿನೀರಿನ ಫ್ಲಾಸ್ಕ್ ಇರುತ್ತಿದ್ದು, ಅದನ್ನಿಡುತ್ತಿದ್ದವರು ಸದರಿ ಆಟಗಾರರೇ ಎಂದು ತಿಳಿದುಬಂದಿದೆ. ದೂರು ಕೊಟ್ಟ ದಿನವೂ ಇಟ್ಟಿದ್ದಾರೆ. ಮುಚ್ಚಳ ಮಾತ್ರ ಸ್ವಲ್ಪ ಬಿಗಿಯಾಗಿತ್ತು. ಅದೇ ರೀತಿ, ಮೊದಲ ಸುತ್ತಿನಲ್ಲಿ ಆಟಗಾರರ ಮೌಸ್ ಕೆಟ್ಟು ಪ್ರೇಕ್ಷಕರು ಗೊಣಗತೊಡಗಿದಾಗ, ವಿವರಣೆಗಾರರು ತಾವು ಕುಳಿತ ಕುರ್ಚಿಯ ಬಗ್ಗೆಯೇ ಒಂಬತ್ತು ನಿಮಿಷ ಮಾತಾಡಿ ಎಲ್ಲರನ್ನೂ ನಗಿಸಿ, ಮೌಸ್ ಬದಲಿಸುವವರೆಗೆ ಕಾಪಾಡಿದ್ದಾರೆ. ದೂರು ಇತ್ಯರ್ಥವಾಗದಿರುವಾಗ ಇಂತಹ ನಡವಳಿಕೆ ಕಡತದಲ್ಲಿ ಗೊಂದಲ ಉಂಟುಮಾಡುತ್ತದೆ. ಇನ್ನು ಮುಂದೆ ಇದನ್ನು ತನಿಖಾಧಿಕಾರಿಗಳ ಕಣ್ಣಿಗೆ ಬೀಳದಂತೆ ಮಾಡತಕ್ಕದ್ದು.

7. ಸೆಮಿಫೈನಲ್‌ನಲ್ಲಿ ಶಾಂತಿ ಕಾಪಾಡಲು, ಸದರಿ ಆಟಗಾರರ ಬಗ್ಗೆ ವಿವರಣೆಗಾರರು ತುಟಿ ಬಿಚ್ಚಕೂಡದೆಂದು ಇಲಾಖೆ ಆದೇಶಿಸಿತ್ತು. ಆದೇಶ ಚಾಚೂ ತಪ್ಪದೆ ಪಾಲನೆಯಾಯಿತು. ಅದರ ಬಗ್ಗೆ ಉಲ್ಲೇಖ (3)ರ ಪತ್ರ ಬಂದಿದ್ದು, ವಿವರಣೆಗಾರರನ್ನು ಉದ್ದೇಶಿಸಿರುವ ಅದನ್ನು ಇದ್ದಂತೆಯೇ ಕೊಡಲಾಗಿದೆ:

"ನೋಡಪ್ಪಾ, ನನಗೆ ಕಣ್ಣು ಕಾಣಿಸದೆ ಆರು ವರ್ಷ ಆಯ್ತು. ನನ್ನ ಮಗ ಆಡೋದನ್ನ ನಾನು ಮನೇಲಿ ಟೀವಿ ಮುಂದೆ ಕೂತು ನೋಡೋದು ನಿನ್ನ ಬಾಯಿಂದಲೇ. ಮೊನ್ನೆ ನೀನು ಅವನ ಸುದ್ದಿನೇ ಎತ್ತಲಿಲ್ಲ. ಹುಷಾರಿಲ್ವೇನೋ, ಆಡೋಕೇ ಬಂದಿಲ್ವೇನೋ ಅಂತ ತಟ್ಟೆ ಮುಂದೆ ಹಾಗೇ ಕೂತಿದ್ದೆ. ಮೊಟ್ಟೆ ಇಡ್ತಿದ್ದಾನೆ ಅಂದ್ಯಲ್ಲ, ಆವತ್ತು ಎಷ್ಟು ನಕ್ಕೆ ಗೊತ್ತಾ? ಚಿಕ್ಕೋನಿದ್ದಾಗ ಕಣ್ಣಾಮುಚ್ಚಾಲೆ ಆಡೋವಾಗಲೂ ಅಷ್ಟೇ, ಮಂಚದ ಕೆಳಗೆ ಸೇರಿಕೊಂಡ್ರೆ ಮುಗೀತು. ಮಿಕ್ಕ ಮಕ್ಕಳೆಲ್ಲ ಮನೆಗೆ ಹೋದ್ರೂ ಈಚೆ ಬರ್ತಿರಲಿಲ್ಲ. ನೀನು ಬೈಯಪ್ಪಾ, ಪರವಾಗಿಲ್ಲ. ಆದ್ರೆ ಅವನು ಎಲ್ಲಿದ್ದಾನೆ ಅಂತ ಹೇಳ್ತಾ ಇರು."

8. ಪತ್ರವನ್ನು ಉಭಯತ್ರರಿಗೂ ಓದಿ ಹೇಳಲಾಯಿತು. ಉಭಯತ್ರರೂ ನಾಲ್ಕು ನಿಮಿಷ ನೆಲ ನೋಡಿದ್ದಾರೆ. ನೆಲವನ್ನು ಪರಿಶೀಲಿಸಲಾಗಿ ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಆದ್ದರಿಂದ ಮೌನದ ಆದೇಶವನ್ನು ಈ ಮೂಲಕ ಹಿಂಪಡೆಯಲಾಗಿದೆ. ಆಟಗಾರರು ಎಲ್ಲಿದ್ದಾರೆಂಬುದನ್ನು ನಿಮಿಷಕ್ಕೊಮ್ಮೆಯಾದರೂ ತಿಳಿಸತಕ್ಕದ್ದು. ಆಟಗಾರರ ಕೋರಿಕೆಯ ಮೇರೆಗೆ ಷರತ್ತು 1ನ್ನು ಸಡಿಲಿಸಿ, ಫೈನಲ್‌ಗೆ ಗರಿಷ್ಠ ಎರಡು ಮೊಟ್ಟೆಗಳನ್ನು ಮಂಜೂರು ಮಾಡಲಾಗಿದೆ.

9. ಆಟಗಾರರು ಹಳೆಯ ಹೆಸರನ್ನು ಕೈಬಿಟ್ಟು, ಫೈನಲ್‌ಗಾಗಿ 'ಇಲ್ಲಿದ್ದೀನಮ್ಮ' ಎಂಬ ಹೆಸರು ನೋಂದಾಯಿಸಲು ಅರ್ಜಿ ಸಲ್ಲಿಸಿರುತ್ತಾರೆ. ಷರತ್ತು 3ರ ಪ್ರಕಾರ ಇದರಲ್ಲಿ ಒಂದು ಅಕ್ಷರ ಹೆಚ್ಚಿದೆ. ಹೆಚ್ಚಿನ ಅಕ್ಷರವನ್ನು ಇಲಾಖೆಯು ಗಮನಿಸಿಲ್ಲ. ಪೂರ್ತಿ ಹೆಸರನ್ನು ಪ್ರತಿ ಬಾರಿಯೂ ಸ್ಪಷ್ಟವಾಗಿ, ಸಾಧ್ಯವಾದಷ್ಟು ಗಟ್ಟಿಯಾಗಿ ಓದತಕ್ಕದ್ದು. ವಿವರಣೆಗಾರರು ಈಗಾಗಲೇ ಒಪ್ಪಿ ಸಹಿ ಹಾಕಿರುತ್ತಾರೆ.

ಸಹಿ/-
ಅಧೀಕ್ಷಕರು
(ಮಾತು ಮತ್ತು ಮುನಿಸು ಶಾಖೆ)

ಪ್ರತಿಗಳು:
1. ವಿವರಣೆಗಾರರಿಗೆ, ಮೊಟ್ಟೆಗಳನ್ನು ಮಿತವಾಗಿ ಬಳಸುವಂತೆ ಕೋರಿ.
2. ಆಟಗಾರರಿಗೆ, ಆಗಾಗ ಪೊದೆಯಿಂದ ಹೊರಬರುವಂತೆ ಸೂಚಿಸಿ.
3. ಬಾಗಿಲು ಕಾಯುವ ಸಿಬ್ಬಂದಿಗೆ, ಕೂಗುವುದಾದರೆ ಹೊರಗೆ ಹೋಗಿ ಕೂಗಲು.
4. ಕ್ಯಾಂಟೀನ್ ಮೇಲ್ವಿಚಾರಕರಿಗೆ, ಫ್ಲಾಸ್ಕ್ ಕುರಿತು ಏನೂ ಗೊತ್ತಿಲ್ಲದವರಂತೆ ಇರಲು.
5. ಆಟಗಾರರ ತಾಯಿಯವರಿಗೆ, ಅಂಚೆಯ ಮೂಲಕವಲ್ಲ. ಭಾನುವಾರ ನಾಲ್ಕು ಗಂಟೆಯಿಂದ, ಬಾಯಿಮಾತಿನಲ್ಲಿ.