ಉಳ್ಳಾಗಡ್ಡಿ ಬುಟ್ಟಿಯ ಮುಂದೆ

ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಒಂದು ದಿನ ನಗದೆ ಕಳೆಯಿತೆಂದರೆ ಅಂದು ಮಕ್ಕಳಿಗೆ ರಜೆ ಇತ್ತು ಅಂತಲೇ ಅರ್ಥ. ಸೇಡಂ ಕಡೆಯ ಇಂಥ ಶಾಲೆಯೊಂದರಲ್ಲಿ ನಾನು ಶುರುವಿನಿಂದ ಮೊನ್ನೆ ನಿವೃತ್ತಳಾಗುವವರೆಗೂ ವಾರ್ಡನ್ ಆಗಿದ್ದೆ. ಮಕ್ಕಳೆದುರು ಒಮ್ಮೆಯೂ ಅತ್ತವಳಲ್ಲ. ಕೊನೆಯ ದಿನವೂ ಅಳಬಾರದು ಎಂಬುದೊಂದೇ ನನ್ನ ಹಟವಾಗಿತ್ತು.

೧. ಪದ್ಧತಿ ಹುಟ್ಟಿದ್ದು

ಶಾಲೆ ಶುರುವಾದ ವರ್ಷ ಕುರಕುಂಟಾದ ಒಬ್ಬ ಹುಡುಗಿ ಮೂರು ದಿನ ಬಿಡದೆ ಅತ್ತಳು. ನಮ್ಮ ಅಡುಗೆಯಾಕೆ ಅವಳ ಮುಂದೆ ಉಳ್ಳಾಗಡ್ಡಿ ಬುಟ್ಟಿ, ಈಳಿಗೆ ತಂದಿಟ್ಟಳು.

"ಹ್ಯಾಂಗೂ ಅಳಾಕತ್ತಿ, ಇವಿಷ್ಟು ಹೆಚ್ಚು. ಅವ್ವನ ನೆನಪಿಗಿ ಅಳ್ತಿ ಅಂತ ಯಾರಿಗೂ ಗೊತ್ತಾಗಂಗಿಲ್ಲ."

ಅಂದಿನಿಂದ ಮನೆ ನೆನಪಾದವರು ಸೀದಾ ಅಡುಗೆಮನೆಗೆ ಹೋಗುವುದು ಪದ್ಧತಿಯೇ ಆಯಿತು. ಉಳ್ಳಾಗಡ್ಡಿ ಹೆಚ್ಚುವವಳನ್ನು ಯಾಕೆ ಅಳುತ್ತೀ ಅಂತ ಯಾರೂ ಕೇಳಬಾರದು. ಈಗಲೂ ಒಗ್ಗರಣೆಯ ವಾಸನೆ ಬಂದರೆ ಆ ಮಕ್ಕಳೇ ಕಣ್ಣಮುಂದೆ ಬರುತ್ತಾರೆ. ಹೊಸ ಹುಡುಗಿಯರು ಸೇರುವ ಜೂನ್ ತಿಂಗಳಲ್ಲಂತೂ ನಮ್ಮ ಉಪ್ಪಿಟ್ಟಿನಲ್ಲಿ ರವೆ ಹುಡುಕಬೇಕಾಗುತ್ತಿತ್ತು.

೨. ಗುಂಡಗುರ್ತಿಯ ಅಪ್ಪ

ಮಗಳನ್ನು ನೋಡಲು ಬಂದ ಒಬ್ಬ ಅಪ್ಪ ಅಡುಗೆಮನೆ ಬಾಗಿಲಲ್ಲೇ ಕೆಂಡವಾದ.

"ಓದಾಕ ಕಳಿಸೀನ್ರಿ, ಉಳ್ಳಾಗಡ್ಡಿ ಹೆಚ್ಚಾಕಲ್ಲ! ಹ್ಯಾಂಗ ಅಳಾಕತ್ತಾಳ ನೋಡ್ರಿ!"

ನಾನು ಪದ್ಧತಿ ವಿವರಿಸಿದೆ. ಸಿಟ್ಟೇನೋ ಇಳಿಯಿತು, ಆದರೆ ಹೊರಡುವ ಹೊತ್ತಿಗೆ ಆತನ ಮೀಸೆಯೇ ನಡುಗತೊಡಗಿತು. ಮಗಳು ಎದ್ದು ಜಾಗ ಬಿಟ್ಟಳು.

"ಕುಂದರು ಅಪ್ಪಾ, ನಾಚಬ್ಯಾಡ. ಇನ್ನಾ ಅರ್ಧ ಬುಟ್ಟಿ ಅದ."

ಬುಟ್ಟಿ ಖಾಲಿಯಾಯಿತು, ಚಿತ್ತಾಪುರದ ಬಸ್ಸು ತಪ್ಪಿತು.

೩. ನನ್ನ ಸರದಿ

ಬೀಳ್ಕೊಡುಗೆಗೆ ವಾಡಿ, ಶಹಾಬಾದಗಳಿಂದ ಹಳೆಯ ವಿದ್ಯಾರ್ಥಿನಿಯರೂ ಬಂದಿದ್ದರು. ಶಾಲು, ಹಾರ ಮುಗಿಯುವವರೆಗೆ ಹಲ್ಲು ಕಚ್ಚಿ ನಿಂತಿದ್ದೆ. ಮೈಕ್ ಹಿಡಿದು "ಮಕ್ಕಳೇ" ಅಂದೆ. ಮುಂದಿನ ಮಾತು ಹೊರಡಲಿಲ್ಲ.

ಆಗ ಆ ಕುರಕುಂಟಾದ ಹುಡುಗಿ, ಈಗ ನಮ್ಮಲ್ಲೇ ಟೀಚರ್ ಆಗಿರುವವಳು, ಮೆಲ್ಲಗೆ ಬಂದು ನನ್ನ ಮುಂದೆ ಉಳ್ಳಾಗಡ್ಡಿ ಬುಟ್ಟಿ, ಈಳಿಗೆ ಇಟ್ಟಳು. ಇಡೀ ಸಭೆ ಏನೂ ಕಾಣದವರಂತೆ ಫ್ಯಾನು ನೋಡುತ್ತ ಕೂತಿತು.

ಶಾಲು ಹೊದ್ದುಕೊಂಡೇ ನೆಲಕ್ಕೆ ಕೂತೆ. ಎಷ್ಟು ವರ್ಷದ ಅಳುವೋ, ಹೆಚ್ಚುತ್ತ ಹೆಚ್ಚುತ್ತ ಮನಸಾರೆ ಅತ್ತೆ. ಇಷ್ಟು ಹಗುರಾಗಬಹುದು ಅಂತ ಗೊತ್ತಿದ್ದರೆ ಎಂದೋ ಅತ್ತುಬಿಡುತ್ತಿದ್ದೆ. ಎರಡನೆಯ ಬುಟ್ಟಿ ತರಿಸಿದೆ.

ಅಷ್ಟರಲ್ಲಿ ಅಡುಗೆಯಾಕೆ ಓಡಿ ಬಂದು ನನ್ನ ಕೈ ಹಿಡಿದಳು.

"ಸಾಕು ಮಾಡ್ರಿ ಅಕ್ಕೋರ! ನಿಮ್ಮ ಸಲುವಾಗಿ ಇವತ್ತ ಬರೀ ಬೆಲ್ಲದ ಹುಗ್ಗಿ ಮಾಡೀನಿ. ಇಷ್ಟು ಉಳ್ಳಾಗಡ್ಡಿ ಹುಗ್ಗಿಗಿ ಹಾಕ್ಲೇನ್ರಿ?"