ಸೂಜಿಯವರಿಗೆ ಹೇಳಿದ ಹನ್ನೊಂದು ಥ್ಯಾಂಕ್ಯೂಗಳನ್ನು ಹಿಂಪಡೆಯುವ ಬಗ್ಗೆ

ಅಂಡಾಣು ತೆಗೆಯುವ ಕೋಣೆಯ ಮಾನ್ಯ ಸೂಜಿಯವರೇ,

ಎರಡಾಗಿವೆ ಮಾನ್ಯರೇ, ಎರಡು ಭ್ರೂಣ. ಕಳೆದ ತಿಂಗಳು ತಾವು ನನ್ನೊಳಗಿಂದ ಹೆಕ್ಕಿ ತಂದ ಹನ್ನೊಂದು ಅಂಡಾಣುಗಳಲ್ಲಿ ಎರಡು ಭ್ರೂಣಗಳಾಗಿ ತಮ್ಮ ಲ್ಯಾಬಿನ ಶೀತಲ ಡಬ್ಬಿಯಲ್ಲಿ ಕ್ಷೇಮವಾಗಿವೆ. ಮೂವತ್ತೊಂಬತ್ತಕ್ಕೆ ಮದುವೆಯಾಗಿ ಇನ್ನೂ ಆರು ತಿಂಗಳು ತುಂಬದ ನಾವಿಬ್ಬರೂ ಈ ಸುದ್ದಿಯನ್ನು ಹಾಲಿನವನಿಗೂ ಹೇಳಿ ಮುಗಿಸಿದ್ದೇವೆ. ಡಾಕ್ಟರು ಮಾತ್ರ ಎರಡು ಸಾಲದು, ಇನ್ನೊಮ್ಮೆ ತೆಗೆಯೋಣ ಎಂದಿದ್ದಾರೆ. ಅದಕ್ಕೇ ಈ ಪತ್ರ.

ಅಡಿಕೋಲಿಗಿಂತ ಉದ್ದವಾದ ತಮ್ಮ ನಿಲುವನ್ನು, ಒಮ್ಮೆ ಒಳಹೊಕ್ಕರೆ ಅಂಡಾಣುವಿರುವ ಒಂದು ಗುಳ್ಳೆಯನ್ನೂ ಬಿಡದೆ ಮನೆಮನೆಗೂ ಹೋಗಿ ವಿಚಾರಿಸಿಕೊಳ್ಳುವ ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಜನಗಣತಿಯವರೇ ನಮ್ಮ ಬೀದಿಯಲ್ಲಿ ಎರಡು ಮನೆ ಬಿಟ್ಟು ಹೋಗಿದ್ದರು.

ತಪ್ಪು ನನ್ನದೇ. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರು ಅಂಗೈಗೆ ಬಾರಿಸಿದ ಮೇಲೆ ‘ಥ್ಯಾಂಕ್ಯೂ ಮಿಸ್’ ಎಂದು ಹೇಳಿಯೇ ಬೆಂಚಿಗೆ ಮರಳಬೇಕಿತ್ತು; ನೋವಾದ ಕೂಡಲೇ ಕೃತಜ್ಞತೆ ಹೊಮ್ಮುವ ಹಾಗೆ ನನ್ನನ್ನು ತಿದ್ದಿಟ್ಟಿದ್ದಾರೆ. ತಮ್ಮ ಕೋಣೆಯ ರೂಢಿಯೋ, ಮಂಪರಿನ ಮದ್ದನ್ನು ಮೊದಲು ಚೂರೇ ಕೊಟ್ಟು, ರೋಗಿ ಕೂಗಿದರೆ ಮಾತ್ರ ಹೆಚ್ಚಿಸುವುದು. ತಾವು ಹನ್ನೊಂದು ಸಲ ಚುಚ್ಚಿದಿರಿ, ನಾನು ಹಲ್ಲು ಕಚ್ಚಿ ಹನ್ನೊಂದು ಸಲ ಥ್ಯಾಂಕ್ಯೂ ಎಂದೆ. ಡಾಕ್ಟರು ಹೊರಬಂದು ನನ್ನ ಗಂಡನಿಗೆ, “ನಿಮ್ಮ ಮನೆಯವರು ಬಹಳ ಖುಷಿಯಾಗಿದ್ರು ಕಣ್ರೀ, ಇಂಥ ಪೇಶಂಟ್ ಸಿಗೋದೇ ಕಷ್ಟ” ಎಂದರಂತೆ. ಇವರು ಅದನ್ನು ಹೆಮ್ಮೆಯಿಂದ ಹೇಳುವಾಗ ನಾನು ಮೊಣಕಾಲನ್ನು ಎದೆಗಪ್ಪಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಫೈಲಿನಲ್ಲಿ ‘ನೋವು: ಇಲ್ಲ. ಮುಂದಿನ ಸಲ ಮಂಪರು ಅರ್ಧ ಸಾಕು’ ಎಂದು ದಾಖಲಾಗಿದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಆ ಹನ್ನೊಂದು ಥ್ಯಾಂಕ್ಯೂಗಳನ್ನೂ ಕೂಗುಗಳೆಂದೇ ಭಾವಿಸಿ, ಫೈಲಿನ ಆ ಸಾಲನ್ನು ಹೊಡೆದುಹಾಕಿಸಿ, ಮಂಪರನ್ನು ಪೂರ್ತಿ ಕೊಡಿಸಬೇಕು. ಸಾಧ್ಯವಾದರೆ ತಾವು ಕೊಂಚ ಬೆಚ್ಚಗಾಗಿ, ಕೂದಲೆಳೆಯಷ್ಟು ತೆಳ್ಳಗಾಗಿ ದಯಮಾಡಿಸಬೇಕು. ಅದೂ ಆಗದಿದ್ದರೆ “ಸೊಳ್ಳೆ ಕಚ್ಚಿದ ಹಾಗೆ, ಅಷ್ಟೇ” ಎನ್ನುವ ನರ್ಸಮ್ಮನವರಿಗೆ ತಾವೂ ಸೊಳ್ಳೆಯೂ ಒಂದೇ ಕುಲದವರಲ್ಲವೆಂದು ತಿಳಿಸಬೇಕು. ಅಷ್ಟುದ್ದದ ಸೊಳ್ಳೆ ನಮ್ಮಲ್ಲಿದ್ದಿದ್ದರೆ ನಾವು ಎಂದೋ ಊರು ಬಿಡುತ್ತಿದ್ದೆವು.

ಎರಡನೇ ಸಲ ಬರಲು ಭಯವಿಲ್ಲವೆಂದರೆ ಸುಳ್ಳಾಗುತ್ತದೆ. ಮಗು ಬೇಕು, ಮಾನ್ಯರೇ, ತುಂಬಾ ಬೇಕು. ಆದರೆ ಅದಕ್ಕಾಗಿ ಇಷ್ಟು ನೋಯಲೇಬೇಕೆಂದು ತಮ್ಮ ಗೋಡೆಯ ಮೇಲೆ ಎಲ್ಲೂ ಬರೆದಿಲ್ಲ; ಅಲ್ಲಿರುವುದು ನಗುವ ಮಕ್ಕಳ ಚಿತ್ರಗಳು ಮಾತ್ರ.

ತಮ್ಮ ತುದಿಗೆ ಸದಾ ತಲೆಬಾಗುವ,
ತಮ್ಮ ವಿಶ್ವಾಸಿ,
ಮೂರನೇ ಹಾಸಿಗೆಯ ಖುಷಿ ಪೇಶಂಟ್

ಮರೆತ ಮಾತು: ಇದರ ಒಂದು ಪ್ರತಿಯನ್ನು ಡಾಕ್ಟರ ಮೇಜಿಗೂ ಕಳಿಸಿದ್ದೇನೆ. ಫೈಲಿನ ಸಾಲು ಹಾಗೆಯೇ ಉಳಿದರೂ ಚಿಂತೆಯಿಲ್ಲ. ನಮ್ಮ ಅತ್ತೆಯವರು, “ಬಾಯಿ ಬಿಟ್ಟು ಕಿರುಚು ತಾಯಿ, ಯಾರೇನು ಅಂದ್ಕೊಂಡ್ರೂ ನಾನು ನೋಡ್ಕೋತೀನಿ” ಎಂದು ದಿನವೂ ಅಭ್ಯಾಸ ಮಾಡಿಸುತ್ತಿದ್ದಾರೆ, ಪಕ್ಕದ ಮನೆಯವರು ಈಗಾಗಲೇ ಎರಡು ಸಲ ಓಡಿ ಬಂದಿದ್ದಾರೆ. ಬುಧವಾರ ಬೆಳಿಗ್ಗೆ ಏಳೂಕಾಲಿನ ಪ್ಯಾಸೆಂಜರ್ ರೈಲಿಗೆ ಬಂದಿಳಿಯುತ್ತೇವೆ, ನಾನೂ ಅತ್ತೆಯವರೂ.