ರುದ್ರಮುನಿಯನ್ನು ಬದುಕಿಸಿದ್ದು ನಾನು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ದೆವ್ವದ ಕಾದಂಬರಿ ಓದುತ್ತೇನೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಹೋದಲ್ಲೆಲ್ಲ ಹಳೆಯ ವಿದ್ಯಾರ್ಥಿಗಳೇ ಸಿಗುವ ಶಿಗ್ಗಾಂವದಂಥ ಊರಿನಲ್ಲಂತೂ ಇನ್ನೂ ಕಷ್ಟ. ಬೆಳಿಗ್ಗೆ ತರಗತಿಯಲ್ಲಿ ದೆವ್ವವೆಂಬುದು ಮನಸ್ಸಿನ ಭ್ರಮೆ ಎಂದು ಮೇಜು ಕುಟ್ಟಿ ಹೇಳಿ, ಸಂಜೆ ಮನೆಗೆ ಬಂದು ಪತ್ತೇದಾರ ರುದ್ರಮುನಿಯ ಕಥೆ ತೆರೆಯುವವನು ನಾನು. ಈ ರುದ್ರಮುನಿ ಕೊಲೆಯಾದವರ ಜೊತೆಗೇ ಮಾತನಾಡಿ ಕೊಲೆಗಾರರನ್ನು ಹಿಡಿಯುತ್ತಾನೆ. ಸತ್ತವರು ಸುಳ್ಳು ಹೇಳುವುದಿಲ್ಲ ಎಂಬುದು ಅವನ ನಂಬಿಕೆಯಾಗಿತ್ತು. ಎರಡನೆಯ ಭಾಗದಲ್ಲಿ ಸತ್ತವನೊಬ್ಬ ವಕೀಲನಾಗಿದ್ದರಿಂದ ಆ ನಂಬಿಕೆಯೂ ಹೋಯಿತು. ಅವನ ಆರೂ ಭಾಗಗಳಿಗೆ ಹಾಳೆ ಸುತ್ತಿ, ಮೇಲೆ ದುಂಡಗೆ ‘ಭೌತಶಾಸ್ತ್ರ’ ಎಂದು ಬರೆದಿಟ್ಟಿದ್ದೆ.

ಕಣ್ಣಿಗೆ ಪೊರೆ ಬಂದಿದೆಯೆಂದು ಹಿರೇಬೆಂಡಿಗೇರಿಯಿಂದ ಅತ್ತೆ ನಮ್ಮ ಮನೆಗೆ ಬಂದರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ನನ್ನ ಜೊತೆ ಎದುರಾಬದುರಾ ಮಾತನಾಡಿದವರಲ್ಲ. ಅಳಿಯನಿಗೆ ಏನು ಕೇಳಬೇಕಾದರೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಮಗಳು ಶೈಲಾಳ ಮೂಲಕವೇ ಕೇಳಿಸುವರು. ಒಂದು ಸಂಜೆ ನಾನು ಓದುತ್ತಾ ಗಟ್ಟಿಯಾಗಿ ನಕ್ಕುಬಿಟ್ಟೆ. ಭೌತಶಾಸ್ತ್ರದಲ್ಲಿ ನಗುವಂಥದ್ದು ಏನಿದೆ ಎಂದು ಅತ್ತೆ ಮಗಳನ್ನು ವಿಚಾರಿಸಿದರು. ಶೈಲಾ ಒಂದೇ ಮಾತಿನಲ್ಲಿ ನನ್ನ ಮಾನ ಕಳೆದಳು.

ಮರುದಿನ ಬಾಗಿಲ ಮರೆಯಲ್ಲಿ ಒಂದು ಮಣೆ ಬಂದು ಕುಳಿತಿತ್ತು, ಮಣೆಯ ಮೇಲೆ ಅತ್ತೆ. ಆ ಕಾಲಕ್ಕೆ ಏಳನೆಯ ಇಯತ್ತೆ ಮುಗಿಸಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವರಂತೆ. ಈಗ ಅಕ್ಷರಗಳು ಇರುವೆ ಹರಿದಂತೆ ಕಾಣುತ್ತವೆ ಎಂದು ಮಗಳಿಂದ ಹೇಳಿಸಿದರು. ನಾನು ಒಂದನೆಯ ಭಾಗದಿಂದ ಗಟ್ಟಿಯಾಗಿ ಓದತೊಡಗಿದೆ. ಮೂರನೆಯ ಭಾಗಕ್ಕೆ ಮಣೆ ಹೊಸ್ತಿಲು ದಾಟಿತು. ಐದನೆಯ ಭಾಗದ ನಡುವೆ ಅತ್ತೆ ಮೊದಲ ಸಲ ನನಗೇ ನೇರವಾಗಿ ಕೇಳಿದರು.

“ಅಳಿಯಾರ, ಗಂಡ ಸತ್ತು ಮೂರ ದಿನಕ್ಕ ಯಾರರ ಇಷ್ಟು ಛಲೋ ಹೋಳಿಗಿ ಮಾಡ್ತಾರೇನ್ರಿ?”

ಗಂಡನನ್ನು ಕೊಂದದ್ದು ಆ ಹೋಳಿಗೆಯವಳೇ. ಅದು ರುದ್ರಮುನಿಗೆ ತಿಳಿಯಲು ಇನ್ನೂ ಎಂಬತ್ತು ಪುಟ ಬೇಕಾಯಿತು.

ಆರನೆಯ ಭಾಗ ಮುಗಿಯುವಷ್ಟರಲ್ಲಿ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು. ಅತ್ತೆ ಒಲ್ಲೆನೆಂದರು. ಏಳನೆಯದಾದ ಕೊನೆಯ ಭಾಗ ಈಗಷ್ಟೇ ಅಚ್ಚಾಗಿದೆ ಎಂದು ನಾನೇ ಬಾಯಿಬಿಟ್ಟಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಅವರು ಹೇಳಿದರು: “ಟೇಬಲ್ ಮ್ಯಾಲಿಂದ ನಾ ಏಳಲಿಲ್ಲಂದ್ರ? ಅವ ಏನಾದ ಅನ್ನೂದು ಕೇಳಿನ ಹೋಗ್ತೇನ್ರಿ.”

ಪೊರೆ ತೆಗೆಯುವುದು ಅರ್ಧ ತಾಸಿನ ಕೆಲಸವೆಂದು ನಾನು ಚಿತ್ರ ಬರೆದು ವಿವರಿಸಿದೆ. ಚಿತ್ರ ಅವರಿಗೆ ಕಾಣಲಿಲ್ಲ. ಹುಬ್ಬಳ್ಳಿಗೆ ಹೋಗಿ ಪುಸ್ತಕ ತಂದೆ. ಬಸ್ಸಿನಲ್ಲಿ ಕೊನೆಯ ಅಧ್ಯಾಯವನ್ನೇ ಮೊದಲು ತೆರೆಯುವ ಚಟ ನನಗೆ. ತಡಸ ದಾಟುವಷ್ಟರಲ್ಲಿ ರುದ್ರಮುನಿ ಸತ್ತಿದ್ದ. ಮಾಂತ್ರಿಕನನ್ನು ಹಿಡಿಯಲು ಹಾಳುಬಾವಿಗೆ ಇಳಿದವನು ಮೇಲೆ ಬರಲೇ ಇಲ್ಲ. ಆರು ಭಾಗ ಅವನ ಜೊತೆ ಅಲೆದ ನನಗೆ ಕಣ್ಣಲ್ಲಿ ನೀರು ಬಂತು. ಪಕ್ಕದವರು ಭೌತಶಾಸ್ತ್ರದ ಮೇಷ್ಟ್ರೆಂದು ಗುರುತಿಸಿ, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳಿದರು.

ನಾಲ್ಕು ಸಂಜೆ ಓದಿದೆ. ನಾಲ್ಕನೆಯ ಸಂಜೆ, ಅಂದರೆ ಆಪರೇಷನ್ನಿನ ಹಿಂದಿನ ದಿನ, ಕಥೆ ಬಾವಿಗೆ ಬಂತು. ಅತ್ತೆ ಎರಡೂ ಕೈಯಿಂದ ಮಣೆಯ ಅಂಚು ಹಿಡಿದು ಕುಳಿತಿದ್ದರು. ನಾನು ಪುಸ್ತಕವನ್ನೇ ನೋಡುತ್ತಾ, ಅದರಲ್ಲಿಲ್ಲದ್ದನ್ನು ಓದಿದೆ. ರುದ್ರಮುನಿಗೆ ಹಗ್ಗ ಸಿಕ್ಕಿತು, ಮೇಲೆ ಬಂದ, ಈ ಕೆಲಸವೇ ಸಾಕೆಂದು ಹಾನಗಲ್ಲಿನ ಹತ್ತಿರ ಎರಡೆಕರೆ ಹೊಲ ಹಿಡಿದ.

“ನೀರಾವರಿ ಐತೇನ್ರಿ?” ಅಂದರು ಅತ್ತೆ.

ಬೋರ್‌ವೆಲ್ ಕೊರೆಸಿಕೊಟ್ಟೆ. ಅತ್ತೆ ಉಸಿರು ಬಿಟ್ಟು ಎದ್ದರು, ಮರುದಿನ ನನಗಿಂತ ಮುಂಚೆ ತಯಾರಾಗಿ ನಿಂತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ತಿಂಗಳ ಮೇಲೆ ಡಾಕ್ಟರು ಓದಲು ಅಡ್ಡಿಯಿಲ್ಲ ಎಂದರು. ನಾನು ಶಾಲೆಯಿಂದ ಬಂದಾಗ ಏಳನೆಯ ಭಾಗ ಅತ್ತೆಯ ಮಡಿಲಲ್ಲಿತ್ತು, ಕೊನೆಯ ಪುಟ ತೆರೆದಿತ್ತು. ಬೈಸಿಕೊಳ್ಳಲು ತಯಾರಾಗಿ ಕುಳಿತೆ.

“ಬರದವ್ರು ಕೊಂದಾರ. ನೀವು ಉಳಿಸಿದ್ರಿ,” ಎಂದರು. ಅವರ ದನಿ ಸ್ವಲ್ಪ ಒದ್ದೆಯಾಗಿತ್ತು. ನನ್ನದೂ ಒದ್ದೆಯಾಗುವಷ್ಟರಲ್ಲಿ ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಹಂಗಾರ ಉಳದ ಆರು ಭಾಗದಾಗ ನಿಮ್ದೆಷ್ಟು, ಅವರ್ದೆಷ್ಟು?”

ಅತ್ತೆ ಒಂದನೆಯ ಭಾಗ ಕೈಗೆತ್ತಿಕೊಂಡರು. ಸಂಗತಿಯೇನೆಂದರೆ, ರುದ್ರಮುನಿಗೆ ಡಾಕ್ಟರ್ ವಾರಿಜಾ ಎಂಬವಳ ಮೇಲೆ ಪ್ರೀತಿ. ಭಾಗಕ್ಕೆ ಮೂರ್ನಾಲ್ಕು ಸಲ ಇಬ್ಬರೂ ಏಕಾಂತದಲ್ಲಿ ಸಿಗುತ್ತಾರೆ, ಲೇಖಕರು ಅದನ್ನು ಮನಸ್ಸಿಟ್ಟು ವರ್ಣಿಸುತ್ತಾರೆ. ಹೆಣ್ಣು ಕೊಟ್ಟ ಅತ್ತೆಯ ಎದುರಿಗೆ ಅದನ್ನೆಲ್ಲ ಹೇಗೆ ಓದಲಿ? ಅಂಥ ಪುಟ ಬಂದಾಗಲೆಲ್ಲ ‘ಇಬ್ಬರೂ ಕೂತು ಚಹಾ ಕುಡಿದರು’ ಎಂದು ಓದಿ ಮುಂದೆ ಹಾರುತ್ತಿದ್ದೆ.

ಅತ್ತೆ ಈಗ ನಾಲ್ಕನೆಯ ಭಾಗದಲ್ಲಿದ್ದಾರೆ. ಓದುತ್ತಾ ಒಮ್ಮೊಮ್ಮೆ ತಮ್ಮಷ್ಟಕ್ಕೆ ನಗುತ್ತಾರೆ. ಮೊನ್ನೆ ಶಾಲೆಯಿಂದ ಬಂದವನು ಶೈಲಾಳಿಗೆ ಒಂದು ಕಪ್ ಚಹಾ ಕೇಳಿದೆ. ಒಳಗಿನಿಂದ ತಾಯಿ ಮಗಳಿಬ್ಬರ ನಗುವೂ ಕೇಳಿಬಂತು. ಅಂದಿನಿಂದ ನಾನು ಶಾಲೆಯ ಎದುರಿನ ಹೋಟೆಲಿನಲ್ಲೇ ಕುಡಿದು ಬರುತ್ತೇನೆ, ಅದೂ ಒಬ್ಬನೇ ಕೂತು.